ಹೊರನಾಡಿನ ಹಿಟ್ಟು ತಿಗಣೆಯೂ ಹೊರನಾಡಿನ ಕಣಜವೂ

ಪ್ರಕೃತಿಯಲ್ಲಿ ಪ್ರತಿಯೊಂದು ಜೀವಿಗೂ ಒಂದು ತವರಿದೆ. ಆ ತವರಿನಲ್ಲಿ ಅದಕ್ಕೆ ಆಹಾರವಿರುವಂತೆಯೇ ಅದನ್ನು ಆಹಾರವಾಗಿ ಮಾಡಿಕೊಳ್ಳುವ ಶತ್ರುಗಳೂ ಇರುತ್ತವೆ. ಸಾವಿರಾರು ವರ್ಷಗಳ ಕಾಲ ಒಟ್ಟಿಗೆ ಬಾಳಿದ ಈ ಜೀವಿಗಳ ನಡುವೆ ಒಂದು ಬಗೆಯ ಸಮತೋಲ ಏರ್ಪಟ್ಟಿರುವುದರಿಂದ ಯಾವುದೊಂದೂ ಮಿತಿಮೀರಿ ಹೆಚ್ಚಲಾರದು. ಆದರೆ ಮನುಷ್ಯನ ವ್ಯಾಪಾರ, ಪ್ರವಾಸಗಳ ದೆಸೆಯಿಂದ ಒಂದು ಜೀವಿ ತನ್ನ ತವರನ್ನು ಬಿಟ್ಟು, ಶತ್ರುಗಳನ್ನು ಅಲ್ಲಿಯೇ ಉಳಿಸಿ, ತಾನೊಂದೇ ಸಾಗರ ದಾಟಿ ಬಂದರೆ ಏನಾಗುತ್ತದೆ? ಹೊಸ ನಾಡಿನಲ್ಲಿ ಅದಕ್ಕೆ ಊಟವುಂಟು, ಅಂಕೆಯಿಲ್ಲ. ಹೀಗೆ ಬಂದು ಹರಡುವ ಜೀವಿಗಳನ್ನೇ ವಿಜ್ಞಾನಿಗಳು ಆಕ್ರಮಣಕಾರಿ ಜೀವಿಗಳೆಂದು ಕರೆಯುತ್ತಾರೆ.

ಇದು ದೂರದ ಮಾತಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ಸೇರಿಸಿ 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪಿಸಲಾದ, 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಾದ ಪ್ರದೇಶವನ್ನೇ ತೆಗೆದುಕೊಳ್ಳೋಣ. ಇಲ್ಲಿಯ ಬೇಸಾಯಗಾರನ ಬದುಕು ಹಿಪ್ಪುನೇರಳೆ, ತೆಂಗು, ಮಾವು ಈ ಮೂರನ್ನು ಬಹುಮಟ್ಟಿಗೆ ಅವಲಂಬಿಸಿದೆ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ಏಷ್ಯದ ಅತಿ ದೊಡ್ಡ ಮಾರುಕಟ್ಟೆಗಳಲ್ಲೊಂದು; ನೆರೆಯ ತಮಿಳುನಾಡಿನ ಗೂಡು ಕೂಡ ಇಲ್ಲಿಗೆ ಬರುತ್ತದೆ. ಆದುದರಿಂದ ಹಿಪ್ಪುನೇರಳೆಯ ಎಲೆಗೆ ಎಲ್ಲಿಯೇ ಪೆಟ್ಟು ಬಿದ್ದರೂ ಅದರ ನೋವು ರಾಮನಗರದಲ್ಲಿ ತಿಳಿಯುತ್ತದೆ. ಇಂಥ ಪೆಟ್ಟೊಂದು 2008ರಲ್ಲಿ ಬಿದ್ದಿತು. ಅದು ಹೇಗೆ ಬಂದಿತು, ಅನೇಕ ದೇಶಗಳ ವಿದ್ಯಾಸಂಸ್ಥೆಗಳು ಕೂಡಿ ಅದನ್ನು ಹೇಗೆ ತಡೆದುವು, ಆ ತಡೆಯ ಹಿಂದಿರುವ ಸರಳ ಗಣಿತವೇನು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಶತ್ರುವಿನ ಪರಿಚಯ

ಹಿಟ್ಟು ತಿಗಣೆ ನಮ್ಮ ರೈತರಿಗೆ ಅಪರಿಚಿತವಾದುದಲ್ಲ. ಹಿಪ್ಪುನೇರಳೆಯ ಕುಡಿಯನ್ನು ಮುರುಟಿಸಿ ಗಂಟು ಕಟ್ಟಿಸುವ ‘ತುಕ್ರ’ ರೋಗಕ್ಕೆ ಗುಲಾಬಿ ಬಣ್ಣದ ಹಿಟ್ಟು ತಿಗಣೆಯೇ ಕಾರಣ. ಆದರೆ ನಾವು ಹೇಳಹೊರಟಿರುವುದು ಅದರ ದಾಯಾದಿಯಾದ ಪರಂಗಿಯ ಹಿಟ್ಟು ತಿಗಣೆಯನ್ನು ಕುರಿತು. ಇದರ ಶಾಸ್ತ್ರೀಯ ನಾಮ ಪ್ಯಾರಾಕಾಕಸ್ ಮಾರ್ಜಿನೇಟಸ್. ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಮೆಕ್ಸಿಕೊದಲ್ಲಿ 1955ರಲ್ಲಿಯೇ ಇದರ ಮಾದರಿಗಳನ್ನು ಸಂಗ್ರಹಿಸಿದ್ದರೂ ಶಾಸ್ತ್ರೋಕ್ತವಾಗಿ ವರ್ಣಿಸಿ ಹೆಸರಿಟ್ಟುದು 1992ರಲ್ಲಿ. ತವರಿನಲ್ಲಿ ಯಾರಿಗೂ ದೊಡ್ಡ ತೊಂದರೆ ಕೊಡದೆ ಇದ್ದುದೇ ಈ ವಿಳಂಬಕ್ಕೆ ಕಾರಣವೆನ್ನಬಹುದು.

ಹೆಣ್ಣು ತಿಗಣೆಗೆ ರೆಕ್ಕೆಯಿಲ್ಲ. ಹಳದಿಯ ಮೈಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿಯ ಮೇಣದ ಹುಡಿ ಹರಡಿರುತ್ತದೆ. ಹತ್ತಿಯಂಥ ಚೀಲವೊಂದನ್ನು ಹೆಣೆದು ಅದರೊಳಗೆ 100ರಿಂದ 600ರವರೆಗೆ ಮೊಟ್ಟೆಗಳನ್ನಿಡುತ್ತದೆ. ಸುಮಾರು ಹತ್ತು ದಿನಗಳಲ್ಲಿ ಮೊಟ್ಟೆಯೊಡೆದು ಬರುವ ಮರಿಗಳು ತೆವಳಿಕೊಂಡು ಹೊಸ ಎಲೆಗಳನ್ನು ಸೇರುತ್ತವೆ. ಗಾಳಿ, ಇರುವೆ, ಆಳಿನ ಬಟ್ಟೆ, ಕುಡುಗೋಲು, ಸಾಗಿಸಿದ ಸಸಿ ಇವೆಲ್ಲ ಅವುಗಳಿಗೆ ವಾಹನ. ಗಿಡದ ರಸವನ್ನು ಹೀರಿ, ಹೆಚ್ಚಾದ ಸಕ್ಕರೆಯನ್ನು ಸಿಹಿಯಾದ ಅಂಟಿನ ರೂಪದಲ್ಲಿ ಹೊರಹಾಕುತ್ತವೆ. ಆ ಅಂಟಿನ ಮೇಲೆ ಕಾಡಿಗೆಯಂಥ ಬೂಷ್ಟು ಬೆಳೆದು ಎಲೆ ಕಪ್ಪಾಗುತ್ತದೆ. ಪರಂಗಿಯೊಂದೇ ಅಲ್ಲ, ಹಿಪ್ಪುನೇರಳೆ, ಮರಗೆಣಸು, ಹತ್ತಿ, ದಾಸವಾಳ, ಬದನೆ, ಸೀಬೆ ಎಲ್ಲವೂ ಇದಕ್ಕೆ ಆಹಾರವೇ. ಹೊಲದ ಬದುವಿನಲ್ಲಿ ಬೆಳೆಯುವ ಪಾರ್ಥೇನಿಯಂ ಗಿಡವೂ ಇದಕ್ಕೆ ಆಶ್ರಯ ಕೊಡುತ್ತದೆ. ಒಂದು ಹೊರನಾಡಿನ ಜೀವಿ ಇನ್ನೊಂದಕ್ಕೆ ತಂಗುದಾಣವಾದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಈ ತಿಗಣೆ 1990ರ ದಶಕದಲ್ಲಿ ಕೆರಿಬಿಯನ್ ದ್ವೀಪಗಳಿಗೂ, 1998ರಲ್ಲಿ ಅಮೆರಿಕದ ಫ್ಲಾರಿಡಕ್ಕೂ, 2002ರಲ್ಲಿ ಶಾಂತಸಾಗರದ ಗುವಾಮ್ ದ್ವೀಪಕ್ಕೂ ಹಬ್ಬಿತು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಿತು. ಮುಂದಿನ ಎರಡು ವರ್ಷಗಳಲ್ಲಿ ತಮಿಳುನಾಡಿನ ಪರಂಗಿ, ಹಿಪ್ಪುನೇರಳೆ, ಮರಗೆಣಸಿನ ತೋಟಗಳನ್ನು ಹಾಳುಗೆಡವಿ ದಕ್ಷಿಣ ಕರ್ನಾಟಕದ ಹಿಪ್ಪುನೇರಳೆ ತೋಟಗಳನ್ನೂ ಪ್ರವೇಶಿಸಿತು.

ಔಷಧ ಹೊಡೆಯಲಾಗದ ತೋಟ

ಕೀಟ ಬಂದರೆ ಔಷಧ ಹೊಡೆದರಾಯಿತು ಎಂದು ಪಟ್ಟಣದ ವಾಚಕರಿಗೆ ಅನ್ನಿಸಬಹುದು. ಆದರೆ ಹಿಪ್ಪುನೇರಳೆಯ ತೋಟದಲ್ಲಿ ಈ ಮಾತು ಸಲೀಸಾಗಿ ನಡೆಯದು. ಅಲ್ಲಿಯ ಬೆಳೆ ಹಣ್ಣಲ್ಲ, ಕಾಳಲ್ಲ, ಎಲೆ. ಆ ಎಲೆಯನ್ನು ತಿನ್ನುವುದು ರೇಷ್ಮೆ ಹುಳು. ಹುಳುವೂ ಒಂದು ಕೀಟವೇ ಆದುದರಿಂದ ತಿಗಣೆಯನ್ನು ಕೊಲ್ಲುವ ವಿಷ ಹುಳುವನ್ನೂ ಕೊಲ್ಲುತ್ತದೆ. ಸಿಂಪಡಿಸಿದ ಮೇಲೆ ವಿಷದ ಪ್ರಭಾವ ಇಳಿಯುವವರೆಗೆ ಎಲೆ ಕೊಯ್ಯದೆ ಕಾಯಬೇಕು. ನಾಲ್ಕನೆಯ ಜ್ವರವೆದ್ದ ಹುಳು ಕಾಯುತ್ತದೆಯೆ? ಅದರ ಜೀವಮಾನದ ಊಟದ ಬಹುಭಾಗ ನಡೆಯುವುದು ಆ ಕೊನೆಯ ಹಂತದಲ್ಲಿಯೇ. ಆಗ ಎಲೆ ತಪ್ಪಿದರೆ ಹುಳು ಹಣ್ಣಾಗುವುದಿಲ್ಲ, ಚಂದ್ರಿಕೆಯ ಮೇಲೆ ಗೂಡು ಕಟ್ಟುವುದಿಲ್ಲ. ತಿಂಗಳ ದುಡಿಮೆ, ಮೊಟ್ಟೆಯ ಹಣ, ಕೂಲಿ ಎಲ್ಲವೂ ನೀರುಪಾಲು.

ಇದರ ಜೊತೆಗೆ ತಿಗಣೆಯ ಮೈಮೇಲಿನ ಮೇಣ ಔಷಧದ ಹನಿಗಳನ್ನು ಅಂಟಗೊಡುವುದಿಲ್ಲ. ಚೀಲದೊಳಗಿನ ಮೊಟ್ಟೆಗಳಿಗೆ ಅದು ತಾಕುವುದೇ ಕಷ್ಟ. ಹೀಗಾಗಿ ರೇಷ್ಮೆಯ ಸೀಮೆಯಲ್ಲಿ ಬೇರೊಂದು ಉಪಾಯವನ್ನು ಹುಡುಕುವುದು ಅನಿವಾರ್ಯವಾಯಿತು.

ಚಕ್ರಬಡ್ಡಿಯ ಲೆಕ್ಕ

ಕೀಟದ ಹಾವಳಿ ಏಕೆ ಏಕಾಏಕಿ ಕಾಣಿಸಿಕೊಳ್ಳುತ್ತದೆ? ಭೌತವಿಜ್ಞಾನವನ್ನು ಬೋಧಿಸುವವನಿಗೆ ಈ ಪ್ರಶ್ನೆ ಹಳೆಯ ಮಿತ್ರನಂತೆ ಕಾಣುತ್ತದೆ. ಒಂದು ಸುಲಭವಾದ ಲೆಕ್ಕವನ್ನು ಮಾಡೋಣ. ಒಂದು ತಾಯಿ ತಿಗಣೆ 200 ಮೊಟ್ಟೆಗಳನ್ನಿಡುತ್ತದೆಂದೂ ಅವುಗಳಲ್ಲಿ ಅರ್ಧ ಹೆಣ್ಣೆಂದೂ ಇಟ್ಟುಕೊಳ್ಳೋಣ. 100 ಹೆಣ್ಣು ಮರಿಗಳಲ್ಲಿ 99 ಸತ್ತು ಒಂದೇ ಒಂದು ಉಳಿದು ತಾಯಿಯಾದರೆ ತಿಗಣೆಗಳ ಸಂಖ್ಯೆ ಹೆಚ್ಚದು, ಕುಗ್ಗದು. ಆದರೆ 98 ಸತ್ತು ಎರಡು ಉಳಿದರೆ? ಪ್ರತಿ ತಲೆಮಾರಿನಲ್ಲಿಯೂ ಸಂಖ್ಯೆ ಇಮ್ಮಡಿಯಾಗುತ್ತದೆ. ಹತ್ತು ತಲೆಮಾರುಗಳಾದ ಮೇಲೆ ಒಂದು ತಾಯಿಯ ಸಂತತಿ 1,024. ಇಪ್ಪತ್ತು ತಲೆಮಾರುಗಳಾದ ಮೇಲೆ 10,48,576! ತಿಗಣೆಯ ಒಂದು ತಲೆಮಾರಿಗೆ ಹಿಡಿಯುವ ಕಾಲ ಸುಮಾರು ಒಂದು ತಿಂಗಳು ಮಾತ್ರ. ಸಾಯುವವು ನೂರಕ್ಕೆ 99ರ ಬದಲು 98 ಆದುದರ ಫಲವಿದು.

ಸಾಲ ತಂದವರಿಗೆಲ್ಲ ಚಕ್ರಬಡ್ಡಿಯ ಈ ಗುಣ ಚೆನ್ನಾಗಿ ಗೊತ್ತು. ಮೊದಮೊದಲು ಬೆಳವಣಿಗೆ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳುವ ಹೊತ್ತಿಗೆ ಕೈಮೀರಿರುತ್ತದೆ. ಪರಮಾಣು ರಿಯಾಕ್ಟರಿನ ಸರಪಣಿ ಕ್ರಿಯೆಯಲ್ಲಿಯೂ ಇದೇ ನಿಯಮ. ಒಂದು ನ್ಯೂಟ್ರಾನಿನಿಂದ ಮುಂದಿನ ತಲೆಮಾರಿಗೆ ಸರಾಸರಿ ಎಷ್ಟು ನ್ಯೂಟ್ರಾನುಗಳು ಉಳಿದುವು ಎಂಬ ಸಂಖ್ಯೆಯನ್ನು ಗುಣಕವೆಂದು ಕರೆಯುತ್ತಾರೆ. ಗುಣಕ ಒಂದಕ್ಕಿಂತ ಹೆಚ್ಚಾದರೆ ಶಕ್ತಿ ಏರುತ್ತ ಹೋಗುತ್ತದೆ, ಒಂದಕ್ಕೆ ಸಮನಾದರೆ ಸ್ಥಿರವಾಗಿರುತ್ತದೆ, ಕಡಿಮೆಯಾದರೆ ನಂದಿಹೋಗುತ್ತದೆ. ರಿಯಾಕ್ಟರಿನೊಳಗೆ ಕ್ಯಾಡ್ಮಿಯಂ ಸರಳುಗಳನ್ನು ಇಳಿಸಿ ನ್ಯೂಟ್ರಾನುಗಳನ್ನು ಹೀರಿಕೊಂಡು ಈ ಗುಣಕವನ್ನು ಅಂಕೆಯಲ್ಲಿಡುವುದುಂಟು. ತೋಟದಲ್ಲಿ ಅಂಥ ಸರಳಿನ ಕೆಲಸವನ್ನು ಮಾಡುವುದು ಯಾವುದು? ಕೀಟದ ಸಹಜ ಶತ್ರು.

ಈಗ ಔಷಧದ ಪ್ರಭಾವವನ್ನು ಇದೇ ಲೆಕ್ಕದಲ್ಲಿ ನೋಡೋಣ. ಒಂದು ಸಾರಿ ಸಿಂಪಡಿಸಿ 1,000 ತಿಗಣೆಗಳಲ್ಲಿ 900ನ್ನು ಕೊಂದೆವೆನ್ನೋಣ. ಉಳಿದ 100 ಒಂದೊಂದು ತಲೆಮಾರಿಗೆ 200, 400, 800, 1,600 ಆಗುತ್ತವೆ. ನಾಲ್ಕು ತಲೆಮಾರು ಕಳೆಯುವುದರೊಳಗೆ ಮೊದಲಿಗಿಂತ ಹೆಚ್ಚು. ಸಿಂಪರಣೆ ಸಂಖ್ಯೆಯನ್ನು ತಗ್ಗಿಸಿತೇ ಹೊರತು ಗುಣಕವನ್ನು ತಗ್ಗಿಸಲಿಲ್ಲ. ಅಸಲನ್ನು ಸ್ವಲ್ಪ ತೀರಿಸಿದೆವು, ಬಡ್ಡಿಯ ದರ ಹಾಗೆಯೇ ಉಳಿಯಿತು.

ಕಣಜದ ಆಗಮನ

ತಿಗಣೆಯ ತವರಿನಲ್ಲಿಯೇ ಅದರ ಶತ್ರುವನ್ನು ಹುಡುಕಬೇಕೆಂಬುದು ಸಹಜವಾದ ತರ್ಕ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 1999ರಲ್ಲಿ ಮೆಕ್ಸಿಕೊದಿಂದ ಕೆಲವು ಬಗೆಯ ಸಣ್ಣ ಕಣಜಗಳನ್ನು ಸಂಗ್ರಹಿಸಿ ಪೋರ್ಟೊ ರಿಕೊ ದ್ವೀಪದ ಪ್ರಯೋಗಾಲಯದಲ್ಲಿ ಸಾಕತೊಡಗಿದರು. ಅವುಗಳಲ್ಲಿ ಮುಖ್ಯವಾದುದು ಅಸಿರೋಫೇಗಸ್ ಪಪಾಯೆ. ಇದು ಒಂದು ಮಿಲಿಮೀಟರಿಗಿಂತಲೂ ಚಿಕ್ಕದು. ರಾಗಿಯ ಕಾಳಿಗಿಂತ ಸಣ್ಣದೆಂದರೆ ವಾಚಕರಿಗೆ ಅದರ ಗಾತ್ರ ಮನಸ್ಸಿಗೆ ಬಂದೀತು. ಮನುಷ್ಯನನ್ನು ಕಚ್ಚದು, ಕುಟುಕದು. ಹೆಣ್ಣು ಕಣಜ ತಿಗಣೆಯ ಮರಿಯ ದೇಹದೊಳಗೆ ಮೊಟ್ಟೆಯನ್ನು ಚುಚ್ಚಿ ಸೇರಿಸುತ್ತದೆ. ಅದರಿಂದ ಹೊರಡುವ ಮರಿ ತಿಗಣೆಯನ್ನು ಒಳಗಿನಿಂದಲೇ ತಿಂದು ಬೆಳೆಯುತ್ತದೆ. ತಿಗಣೆ ಉಬ್ಬಿ, ಕಂದು ಬಣ್ಣದ ಗಟ್ಟಿ ಚಿಪ್ಪಾಗುತ್ತದೆ. ಕೊನೆಗೆ ಆ ಚಿಪ್ಪಿನಲ್ಲಿ ಗುಂಡನೆಯ ರಂಧ್ರ ಕೊರೆದು ಹೊಸ ಕಣಜ ಹೊರಬರುತ್ತದೆ. ಇಂಥವುಗಳನ್ನು ಪರತಂತ್ರ ಜೀವಿಗಳೆನ್ನುತ್ತಾರೆ.

ಹುಳು ಸಾಕುವವರಿಗೆ ಈ ಕ್ರೂರವಾದ ಕ್ರಮ ಹೊಸತಲ್ಲ. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಹೊಕ್ಕ ಊಜಿ ನೊಣ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಇದೇ ಬಗೆಯಲ್ಲಿ ಅದನ್ನು ಕೊಲ್ಲುತ್ತದೆ. ಊಜಿಯ ಕೋಶವನ್ನು ನಾಶಮಾಡಲು ನೆಸೊಲಿಂಕ್ಸ್ ಥೈಮಸ್ ಎಂಬ ಇನ್ನೊಂದು ಕಣಜವನ್ನು ಸಾಕಿ ಬಿಡುವುದೂ ರೇಷ್ಮೆ ಸೀಮೆಯಲ್ಲಿ ಬಳಕೆಗೆ ಬಂದಿದೆ. ಒಂದೇ ನೈಸರ್ಗಿಕ ಕ್ರಮ ಒಂದೆಡೆ ವೈರಿ, ಇನ್ನೊಂದೆಡೆ ಬಂಧು.

ಕೊಯಮತ್ತೂರಿನಲ್ಲಿ ತಿಗಣೆ ಕಂಡುಬಂದಾಗ ಅದನ್ನು ಗುರುತಿಸಿದವರಲ್ಲಿ ಆರ್. ಮುನಿಯಪ್ಪನ್ ಪ್ರಮುಖರು. ಹಿಂದೆ ಗುವಾಮ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿ ಈ ಕೀಟವನ್ನೂ ಅದರ ಕಣಜವನ್ನೂ ಕಂಡಿದ್ದ ಅವರು ಆಗ ಅಮೆರಿಕದ ವರ್ಜೀನಿಯ ಟೆಕ್ ವಿಶ್ವವಿದ್ಯಾಲಯ ನಡೆಸುತ್ತಿದ್ದ ಸಮಗ್ರ ಕೀಟ ನಿರ್ವಹಣೆಯ ಸಹಕಾರ ಸಂಶೋಧನಾ ಯೋಜನೆಯ ನಿರ್ದೇಶಕರು. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಆ ಯೋಜನೆಯ ಸಹಭಾಗಿ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಸಂಸ್ಥೆ (ಅಂದು ಕೃಷಿ ಪ್ರಾಮುಖ್ಯದ ಕೀಟಗಳ ಬ್ಯೂರೋ, 2014ರಿಂದ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋ) 2010ರ ಜುಲೈಯಲ್ಲಿ ಪೋರ್ಟೊ ರಿಕೊದಿಂದ ಮೂರು ಜಾತಿಯ ಕಣಜಗಳನ್ನು ತರಿಸಿತು.

ತರಿಸಿದೊಡನೆ ತೋಟಕ್ಕೆ ಬಿಡುವಂತಿಲ್ಲ. ಹೊರಗಿನ ಜೀವಿಯನ್ನು ತಡೆಯಲು ಹೊರಗಿನ ಇನ್ನೊಂದು ಜೀವಿಯನ್ನು ತರುವಾಗ ಎಚ್ಚರ ಇಮ್ಮಡಿಯಾಗಿರಬೇಕು. ಮೊದಲು ಅದನ್ನು ಮುಚ್ಚಿದ ಪ್ರತ್ಯೇಕ ಕೊಠಡಿಯಲ್ಲಿ ಸಾಕಬೇಕು. ಅದರ ಜೊತೆ ಬೇರೆ ಪರತಂತ್ರ ಜೀವಿಗಳು ಸೇರಿಲ್ಲವೆಂದು ನೋಡಬೇಕು. ನಮ್ಮ ಉಪಯುಕ್ತ ಕೀಟಗಳಿಗೆ ಅಪಾಯವಿಲ್ಲವೆಂದು ಪರೀಕ್ಷಿಸಬೇಕು. ಇವೆಲ್ಲ ಮುಗಿದು 2010ರ ಅಕ್ಟೋಬರಿನಲ್ಲಿ ತಮಿಳುನಾಡಿನ ತೋಟಗಳಲ್ಲಿ ಬಿಡುಗಡೆ ಆರಂಭವಾಯಿತು. ಕರ್ನಾಟಕದ ಹಿಪ್ಪುನೇರಳೆ ತೋಟಗಳಿಗೂ ರೇಷ್ಮೆ ಸಂಶೋಧನಾ ಸಂಸ್ಥೆಗಳ ಮೂಲಕ ಕಣಜ ತಲುಪಿತು. ಮೂರು ಜಾತಿಗಳಲ್ಲಿ ಚೆನ್ನಾಗಿ ನೆಲೆಯೂರಿದುದು ಅಸಿರೋಫೇಗಸ್. ಕೆಲವೇ ತಿಂಗಳುಗಳಲ್ಲಿ ಹಾವಳಿ ಇಳಿಯತೊಡಗಿತು. ಈ ಕೆಲಸದಿಂದ ಐದು ವರ್ಷಗಳಲ್ಲಿ ದೇಶಕ್ಕೆ ದೊರೆತ ಪ್ರಯೋಜನ 50 ಕೋಟಿ ಡಾಲರಿಗೂ ಮಿಗಿಲೆಂದು 2014ರಲ್ಲಿ ಪ್ರಕಟವಾದ ಒಂದು ಆರ್ಥಿಕ ಅಧ್ಯಯನ ಅಂದಾಜು ಮಾಡಿತು.

ನಮ್ಮ ನಾಡಿನ ಜೀವಿಗಳೂ ಕೈಕಟ್ಟಿ ಕುಳಿತಿರಲಿಲ್ಲ. ಸ್ಪಾಲ್ಗಿಸ್ ಎಪಿಯಸ್ ಎಂಬ ದೇಶೀಯ ಚಿಟ್ಟೆಯೊಂದರ ಮರಿ ಎಲೆಯ ಬದಲು ಹಿಟ್ಟು ತಿಗಣೆಗಳನ್ನೇ ತಿಂದು ಬೆಳೆಯುತ್ತದೆ. ಅದರ ಕೋಶ ಕೋತಿಯ ಮುಖವನ್ನು ಹೋಲುತ್ತದೆ. ಈ ಚಿಟ್ಟೆಯ ಜೀವನಕ್ರಮವನ್ನು ಕುರಿತು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ವಿಸ್ತಾರವಾದ ಸಂಶೋಧನೆ ನಡೆದಿದೆ.

ಅರ್ಧವನ್ನು ಕೊಂದರೆ ಸಾಕೆ?

ಇಲ್ಲಿ ಒಂದು ಒಗಟು ಎದುರಾಗುತ್ತದೆ. ಪೋರ್ಟೊ ರಿಕೊ ಮತ್ತು ಡೊಮಿನಿಕನ್ ಗಣರಾಜ್ಯಗಳಲ್ಲಿ ಕಣಜಗಳನ್ನು ಬಿಟ್ಟ ಮೇಲೆ ತಿಗಣೆಯ ಸಂಖ್ಯೆ ನೂರಕ್ಕೆ 97ಕ್ಕೂ ಹೆಚ್ಚು ಇಳಿಯಿತು. ಆದರೆ ಪರೀಕ್ಷಿಸಿದ ತಿಗಣೆಗಳಲ್ಲಿ ಕಣಜದ ಮರಿಯನ್ನು ಹೊತ್ತಿದ್ದುವು ನೂರಕ್ಕೆ ಸುಮಾರು 35ರಿಂದ 58 ಮಾತ್ರ. ಅರ್ಧದಷ್ಟನ್ನು ಕೊಲ್ಲುವ ಶತ್ರು 97 ಪಾಲನ್ನು ಇಲ್ಲದಂತೆ ಮಾಡಿದುದು ಹೇಗೆ?

ಹಿಂದಿನ ಲೆಕ್ಕಕ್ಕೆ ಮರಳಿದರೆ ಒಗಟು ಬಿಡುತ್ತದೆ. ಬೇರೆ ಕಾರಣಗಳಿಂದ ಸತ್ತು ಉಳಿಯುವ ಎರಡು ಹೆಣ್ಣುಗಳಲ್ಲಿ ಕಣಜ ಅರ್ಧವನ್ನು ಕೊಂದರೆ ಗುಣಕ 2ರಿಂದ 1ಕ್ಕೆ ಇಳಿಯುತ್ತದೆ. ನೂರಕ್ಕೆ 58ನ್ನು ಕೊಂದರೆ ಗುಣಕ 2ರ ನೂರರಲ್ಲಿ 42 ಪಾಲು, ಅಂದರೆ 0.84. ಈ 0.84ನ್ನು ತಲೆಮಾರಿನಿಂದ ತಲೆಮಾರಿಗೆ ಗುಣಿಸುತ್ತ ಹೋಗಿ. ಹತ್ತು ತಲೆಮಾರುಗಳಾದ ಮೇಲೆ ಉಳಿಯುವುದು ನೂರಕ್ಕೆ ಸುಮಾರು 17. ಇಪ್ಪತ್ತು ತಲೆಮಾರುಗಳಾದ ಮೇಲೆ ಸುಮಾರು 3. ತಿಗಣೆಯನ್ನು ಬೆಳೆಸಿದ ಚಕ್ರಬಡ್ಡಿಯೇ ಈಗ ತಿರುಗಿ ನಿಂತು ಅದನ್ನು ಕರಗಿಸಿತು. ನಿಜವಾದ ತೋಟದಲ್ಲಿ ಮಳೆ, ಚಳಿ, ಇತರ ಶತ್ರುಗಳು ಎಲ್ಲ ಸೇರಿ ಈ ಸಂಖ್ಯೆಗಳು ದಿನದಿನಕ್ಕೂ ಬದಲಾಗುತ್ತಿರುತ್ತವೆ. ಆದರೆ ತತ್ತ್ವ ಇದೇ. ಶತ್ರುವನ್ನು ಪೂರ್ತಿ ನಿರ್ಮೂಲ ಮಾಡಬೇಕಾಗಿಲ್ಲ. ಗುಣಕ ಒಂದರ ಗೆರೆಯಿಂದ ಕೆಳಗಿಳಿದರೆ ಸಾಕು, ಮಿಕ್ಕುದನ್ನು ಕಾಲವೇ ಮಾಡುತ್ತದೆ.

ವೊಲ್ಟೆರಾ ಕಂಡ ನಿಯಮ

ಸಂಖ್ಯೆ ಇಳಿದ ಮೇಲೆ ಏನಾಗುತ್ತದೆ? ತಿಗಣೆ ಕಡಿಮೆಯಾದಂತೆ ಕಣಜಕ್ಕೂ ಆಹಾರ ಕಡಿಮೆಯಾಗಿ ಅದರ ಸಂಖ್ಯೆಯೂ ಕುಗ್ಗುತ್ತದೆ. ಆಗ ತಿಗಣೆ ತುಸು ತಲೆಯೆತ್ತುತ್ತದೆ. ಅದನ್ನು ಕಂಡು ಕಣಜವೂ ಹೆಚ್ಚುತ್ತದೆ. ಹೀಗೆ ಎರಡೂ ಲೋಲಕದಂತೆ ತೂಗುತ್ತ ಕೆಳಮಟ್ಟದಲ್ಲಿ ಉಳಿಯುತ್ತವೆ. ಈ ತೂಗಾಟದ ಗಣಿತವನ್ನು 1920ರ ದಶಕದಲ್ಲಿ ಇಬ್ಬರು ಪ್ರತ್ಯೇಕವಾಗಿ ರೂಪಿಸಿದರು. ಒಬ್ಬರು ಅಮೆರಿಕದ ಆಲ್ಫ್ರೆಡ್ ಲೋಟ್ಕಾ. ಇನ್ನೊಬ್ಬರು ರೋಮಿನ ಗಣಿತಜ್ಞ ವೀಟೊ ವೊಲ್ಟೆರಾ.

ವೊಲ್ಟೆರಾ ಅವರನ್ನು ಈ ವಿಷಯಕ್ಕೆ ಎಳೆದವರು ಅವರ ಅಳಿಯ, ಪ್ರಾಣಿಶಾಸ್ತ್ರಜ್ಞ ಉಂಬರ್ಟೊ ಡಾಂಕೋನಾ. ಏಡ್ರಿಯಾಟಿಕ್ ಸಮುದ್ರದ ಮೀನು ಮಾರುಕಟ್ಟೆಗಳ ಲೆಕ್ಕಪುಸ್ತಕಗಳಲ್ಲಿ ಅವರೊಂದು ವಿಚಿತ್ರವನ್ನು ಕಂಡಿದ್ದರು. ಮೊದಲನೆಯ ಮಹಾಯುದ್ಧದಿಂದ ಮೀನುಗಾರಿಕೆ ಕಡಿಮೆಯಾದ ವರ್ಷಗಳಲ್ಲಿ, ಬೇರೆ ಮೀನುಗಳನ್ನು ತಿಂದು ಬದುಕುವ ಶಾರ್ಕ್ ಜಾತಿಯ ಮೀನುಗಳ ಪಾಲು ಹೆಚ್ಚಾಗಿತ್ತು. ಫಿಯೂಮೆ ಬಂದರಿನಲ್ಲಿ 1914ರಲ್ಲಿ ನೂರಕ್ಕೆ ಸುಮಾರು 12 ಇದ್ದುದು 1918ರಲ್ಲಿ ಸುಮಾರು 36ಕ್ಕೆ ಏರಿತ್ತು. ಎರಡನ್ನೂ ಒಂದೇ ಬಲೆಯಲ್ಲಿ ಹಿಡಿಯುತ್ತಿದ್ದಾಗ ಬೇಟೆಯ ಮೀನಿಗೆ ಲಾಭ, ಬೇಟೆಗಾರ ಮೀನಿಗೆ ನಷ್ಟ. ಬಲೆ ನಿಂತೊಡನೆ ಇದು ತಿರುಗುಮುರುಗು.

ಇದೇಕೆ ಹೀಗೆ? ಕಣಜದ ಉದಾಹರಣೆಯಿಂದಲೇ ನೋಡೋಣ. ದಿನಕ್ಕೆ 100 ಕಣಜಗಳಲ್ಲಿ 10 ಸಾಯುತ್ತವೆನ್ನೋಣ. ಗಿಡಕ್ಕೊಂದು ತಿಗಣೆಯಿದ್ದರೆ ಆ 100 ಕಣಜಗಳು ದಿನಕ್ಕೆ 2 ಹೊಸ ಕಣಜಗಳನ್ನು ಹುಟ್ಟಿಸಬಲ್ಲುವು. ಐದು ತಿಗಣೆಯಿದ್ದರೆ 10. ಆದುದರಿಂದ ಗಿಡಕ್ಕೆ ಐದು ತಿಗಣೆಯಿದ್ದಾಗ ಕಣಜದ ಹುಟ್ಟುಸಾವುಗಳು ಸರಿತೂಗುತ್ತವೆ. ತಿಗಣೆಯ ಸರಾಸರಿ ಸಂಖ್ಯೆ ಆ ಐದರ ಸುತ್ತಲೇ ತೂಗಾಡುತ್ತದೆ. ಈಗ ಎಲ್ಲ ಕೀಟಗಳನ್ನೂ ಕೊಲ್ಲುವ ಔಷಧವನ್ನು ಮತ್ತೆ ಮತ್ತೆ ಸಿಂಪಡಿಸಿ, ದಿನಕ್ಕೆ 10ರ ಬದಲು 20 ಕಣಜಗಳು ಸಾಯುವಂತೆ ಮಾಡಿದೆವೆನ್ನೋಣ. ಆ ನಷ್ಟವನ್ನು ತುಂಬಿಕೊಳ್ಳಲು ಗಿಡಕ್ಕೆ ಐದಲ್ಲ, ಹತ್ತು ತಿಗಣೆ ಬೇಕು. ಅಂದರೆ ತಿಗಣೆಯನ್ನು ಕೊಲ್ಲಲೆಂದು ಹೊಡೆದ ಔಷಧ ಕೊನೆಗೆ ತಿಗಣೆಯ ಸರಾಸರಿಯನ್ನೇ ಇಮ್ಮಡಿ ಮಾಡಿತು! ಬೇಟೆಯನ್ನೂ ಬೇಟೆಗಾರನನ್ನೂ ಭೇದವಿಲ್ಲದೆ ಕೊಂದರೆ ಹೆಚ್ಚುವುದು ಬೇಟೆಯೇ. ಇದೇ ವೊಲ್ಟೆರಾ ನಿಯಮ. ಕಣಜ ಬಿಟ್ಟ ತೋಟದಲ್ಲಿ ಔಷಧ ಹೊಡೆಯಬೇಡಿರೆಂದು ಕೀಟಶಾಸ್ತ್ರಜ್ಞರು ಹೇಳುವುದರ ಹಿಂದೆ ಈ ಗಣಿತವಿದೆ.

ದಕ್ಷಿಣ ಕರ್ನಾಟಕದ ತೆಂಗಿನ ತೋಟಗಳಲ್ಲಿಯೂ ಇದೇ ಪಾಠ ಅನ್ವಯಿಸುತ್ತದೆ. ಮಧ್ಯ ಅಮೆರಿಕದ ಮೂಲದ ಸುರುಳಿ ಬಿಳಿನೊಣ 2016ರಲ್ಲಿ ಪೊಳ್ಳಾಚಿಯ ಸೀಮೆಯಲ್ಲಿ ಕಾಣಿಸಿಕೊಂಡು ತೆಂಗಿನ ನಾಡಿನಲ್ಲೆಲ್ಲ ಹರಡಿತು. ಗರಿಯ ಮೇಲೆ ಕಪ್ಪು ಬೂಷ್ಟನ್ನು ಕಂಡ ಬೆಳೆಗಾರ ಗಾಬರಿಯಾಗುವುದು ಸಹಜ. ಆದರೆ ಈ ನೊಣದ ಮರಿಗಳನ್ನು ನಾಶಮಾಡುವ ಎನ್ಕಾರ್ಸಿಯ ಗ್ವಾಡಲೂಪೆ ಎಂಬ ಕಣಜ ಆ ತೋಟಗಳಲ್ಲಿ ತಾನಾಗಿಯೇ ಕಂಡುಬಂದಿದೆ. ಅದನ್ನು ಉಳಿಸಿಕೊಳ್ಳಬೇಕಾದರೆ ತೀಕ್ಷ್ಣವಾದ ಕೀಟನಾಶಕಗಳಿಂದ ದೂರವಿರಬೇಕು.

ಎಲ್ಲ ಕಡೆಯೂ ಗೆಲುವಿಲ್ಲ

ಜೈವಿಕ ನಿಯಂತ್ರಣ ನಮ್ಮ ನಾಡಿಗೆ ಹೊಸತಲ್ಲ. 1795ರಲ್ಲಿ ಬಣ್ಣ ಕೊಡುವ ಕೊಚಿನೀಲ್ ಕೀಟವೆಂದು ತಪ್ಪು ತಿಳಿದು ಬ್ರೆಜಿಲಿನಿಂದ ತಂದ ಇನ್ನೊಂದು ಜಾತಿಯ ಕೀಟ ಬಣ್ಣವನ್ನೇನೂ ಕೊಡಲಿಲ್ಲ. ಆದರೆ ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸಿತು. ಅದು ಮುಟ್ಟದ ಮತ್ತೊಂದು ಜಾತಿಯ ಕಳ್ಳಿಯನ್ನು ಹತೋಟಿಗೆ ತರಲು 1926ರಲ್ಲಿ ಶ್ರೀಲಂಕೆಯಿಂದ ಬೇರೊಂದು ಕೊಚಿನೀಲ್ ಕೀಟವನ್ನು ಬೇಕೆಂದೇ ತರಿಸಲಾಯಿತು. ಪಾರ್ಥೇನಿಯಂ ಕಳೆಗಾಗಿ 1983ರಲ್ಲಿ ಮೆಕ್ಸಿಕೊದ ಜೈಗೋಗ್ರಾಮ ದುಂಬಿಯನ್ನು ತಂದು, 1984ರಲ್ಲಿ ಬೆಂಗಳೂರಿನ ಸುತ್ತ ಬಿಡಲಾಯಿತು. ಮುಂದೆ ಅದು ಸೂರ್ಯಕಾಂತಿಯ ಎಲೆಯನ್ನು ತಿನ್ನುವುದೆಂಬ ಆತಂಕವೆದ್ದು ಮತ್ತೆ ಪರಿಶೀಲನೆ ನಡೆಯಬೇಕಾಯಿತು. ದುಂಬಿ ಮಳೆಗಾಲದಲ್ಲಿ ಕಳೆಯನ್ನು ಮೇಯುತ್ತದೆ, ಆದರೆ ಕಳೆ ಇಂದಿಗೂ ನಮ್ಮ ರಸ್ತೆಬದಿಯಲ್ಲಿದೆ.

ಲಂಟಾನದ ಕಥೆಯಂತೂ ಇನ್ನೂ ನಿರಾಶಾದಾಯಕ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕಾಗಿ ಭಾರತಕ್ಕೆ ತಂದ ಈ ಪೊದೆ ದಕ್ಷಿಣದ ಒಣ ಕಾಡುಗಳನ್ನೆಲ್ಲ ಆವರಿಸಿದೆ. ಸಾವನದುರ್ಗದಿಂದ ಕಾವೇರಿ ತೀರದವರೆಗಿನ ಕಾಡೂ ಅದಕ್ಕೆ ಹೊರತಲ್ಲ. 1941ರಲ್ಲಿ ಇದಕ್ಕಾಗಿ ತರಿಸಿದ ಜಾಲರೆಕ್ಕೆಯ ತಿಗಣೆ ಹರಡಿತೇನೋ ನಿಜ, ಲಂಟಾನ ಸೋಲಲಿಲ್ಲ. ಎಲೆ ಕಳೆದುಕೊಂಡರೂ ಬೇರಿನಿಂದ ಮತ್ತೆ ಚಿಗುರುವ, ಹಕ್ಕಿಗಳ ಮೂಲಕ ಬೀಜ ಹರಡುವ ಗಿಡದ ಗುಣಕವನ್ನು ಒಂದಕ್ಕಿಂತ ಕೆಳಗಿಳಿಸಲು ಒಂದು ಕೀಟಕ್ಕೆ ಆಗಲಿಲ್ಲ. ಗೆಲುವಿನಷ್ಟೇ ಈ ಸೋಲುಗಳೂ ನಮಗೆ ಕಲಿಸುತ್ತವೆ. ಪ್ರತಿಯೊಂದು ಜೀವಿಗೂ ಲೆಕ್ಕ ಬೇರೆ, ಅಳೆಯದೆ ತಿಳಿಯುವುದಿಲ್ಲ.

ನಾಲ್ಕು ತಾಲ್ಲೂಕುಗಳಲ್ಲಿ ಆಗಬಹುದಾದ ಕೆಲಸ

ತಿಗಣೆ ಕೊಯಮತ್ತೂರಿನಲ್ಲಿ ಕಂಡುದಕ್ಕೂ ಕಣಜದ ಬಿಡುಗಡೆಗೂ ನಡುವೆ ಎರಡು ವರ್ಷಕ್ಕೂ ಹೆಚ್ಚು ಕಾಲ ಸಂದಿತು. ತಿಂಗಳಿಗೆ ಇಮ್ಮಡಿಯಾಗಬಲ್ಲ ಕೀಟಕ್ಕೆ ಎರಡು ವರ್ಷ ಬಹಳ. ಆ ಎರಡು ವರ್ಷಗಳ ಬೆಲೆಯನ್ನು ತೆತ್ತವರು ತೋಟ ಕಿತ್ತುಹಾಕಿದ ರೈತರು. ಆದರೆ ಗುವಾಮಿನ ಅನುಭವ, ಪೋರ್ಟೊ ರಿಕೊದ ಪ್ರಯೋಗಾಲಯ, ಕೊಯಮತ್ತೂರಿನ ವಿಶ್ವವಿದ್ಯಾಲಯ, ಹೆಬ್ಬಾಳದ ಸಂಸ್ಥೆ ಇವು ಮೊದಲೇ ಒಂದನ್ನೊಂದು ಅರಿತಿರದಿದ್ದರೆ ಎರಡು ವರ್ಷ ಹತ್ತಾಗುತ್ತಿತ್ತು. ಈ ಪರಿಚಯದ ಫಲ ಮುಂದೆಯೂ ಕಂಡಿತು. 2020ರಲ್ಲಿ ಕೇರಳದಲ್ಲಿ ಮರಗೆಣಸಿನ ಹಿಟ್ಟು ತಿಗಣೆ ಕಾಣಿಸಿಕೊಂಡಾಗ, ಹೆಬ್ಬಾಳದ ಸಂಸ್ಥೆ 2021ರಲ್ಲಿಯೇ ಆಫ್ರಿಕದ ಬೆನಿನ್ ದೇಶದಿಂದ ಅನಗೈರಸ್ ಲೊಪೆಜಿ ಎಂಬ ಕಣಜವನ್ನು ತರಿಸಿ, 2022ರಲ್ಲಿ ತಮಿಳುನಾಡಿನ ಹೊಲಗಳಲ್ಲಿ ಬಿಟ್ಟಿತು. ಬೆಂಕಿ ಬಿದ್ದಾಗ ಬಾವಿ ತೋಡುವುದಕ್ಕಿಂತ ಬಾವಿಯನ್ನು ಮೊದಲೇ ತೋಡಿಡುವುದು ಲೇಸಲ್ಲವೆ?

ಈ ಕೆಲಸದಲ್ಲಿ ರೈತನಿಗೂ ಊರಿನ ಕಾಲೇಜಿಗೂ ಪಾಲಿದೆ. ರೈತ ಮಾಡಬೇಕಾದುದು ಇಷ್ಟು: ಹಿಟ್ಟು ಹಿಡಿದ ಸಸಿ, ಕಡ್ಡಿಗಳನ್ನು ಊರಿಂದೂರಿಗೆ ಸಾಗಿಸಬಾರದು. ಬದುವಿನ ಪಾರ್ಥೇನಿಯಂ ಕಳೆಯನ್ನು ಕೀಳಬೇಕು. ಅಂಟಿನ ಆಸೆಗೆ ತಿಗಣೆಯನ್ನು ಕಾಯುವ ಇರುವೆಗಳನ್ನು ದೂರವಿಡಬೇಕು, ಏಕೆಂದರೆ ಅವು ಕಣಜವನ್ನು ಹತ್ತಿರ ಬರಗೊಡುವುದಿಲ್ಲ. ಔಷಧದ ಡಬ್ಬಿಗೆ ಕೈಹಾಕುವ ಮುನ್ನ ಎಲೆಯ ಹಿಂಬದಿಯನ್ನು ಮಸೂರದಲ್ಲಿ ನೋಡಬೇಕು. ಗುಂಡನೆಯ ರಂಧ್ರವುಳ್ಳ ಕಂದು ಚಿಪ್ಪುಗಳು ಕಂಡರೆ ಕಣಜ ಆಗಲೇ ಕೆಲಸದಲ್ಲಿದೆಯೆಂದರ್ಥ. ಅದನ್ನು ಅದರ ಪಾಡಿಗೆ ಬಿಡುವುದೇ ಲಾಭ.

ಕಾಲೇಜಿನ ವಿದ್ಯಾರ್ಥಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ತಿಂಗಳಿಗೊಮ್ಮೆ ಗೊತ್ತಾದ ಕೆಲವು ಗಿಡಗಳ ಮೇಲಿನ ತಿಗಣೆಗಳನ್ನು ಎಣಿಸಿ, ಆ ಸಂಖ್ಯೆಗಳನ್ನು ನಮ್ಮ ಪ್ರಯೋಗಶಾಲೆಯ ಲಾಗರಿತಂ ಕಾಗದದ ಮೇಲೆ ಗುರುತಿಸಲಿ. ಸಾಧಾರಣ ಕಾಗದದ ಮೇಲೆ 3, 6, 12, 24 ಎಂಬ ಬಿಂದುಗಳು ನೆಲಕ್ಕೆ ಅಂಟಿದಂತೆ ತೋರಿ, ಹತ್ತನೆಯ ತಿಂಗಳು 1,536 ಆದಾಗ ಗೆರೆ ಗೋಡೆಯಂತೆ ಎದ್ದು ನಿಲ್ಲುತ್ತದೆ. ಲಾಗರಿತಂ ಕಾಗದದ ಮೇಲಾದರೋ ಮೊದಲ ನಾಲ್ಕು ಬಿಂದುಗಳೇ ಏರುವ ನೇರ ರೇಖೆಯಾಗಿ ಎಚ್ಚರಿಕೆ ಕೊಡುತ್ತವೆ. ರೇಖೆ ಏರುತ್ತಿದ್ದರೆ ಗುಣಕ ಒಂದಕ್ಕಿಂತ ಹೆಚ್ಚು, ಮಲಗಿದ್ದರೆ ಒಂದು, ಇಳಿಯುತ್ತಿದ್ದರೆ ಕಡಿಮೆ. ಒಂದು ಮಸೂರ, ಒಂದು ಹಾಳೆ, ತಿಂಗಳಿಗೊಂದು ಸಂಜೆ. ಇದಕ್ಕೆ ಬೇಕಾದ ಸಲಕರಣೆ ಇಷ್ಟೇ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಾಲೇಜುಗಳಲ್ಲಿ ಇಂಥ ಹಾಳೆಗಳು ತೂಗಾಡುತ್ತಿದ್ದು, ಅವುಗಳ ಪ್ರತಿ ತಿಂಗಳು ತಿಂಗಳೂ ಕೃಷಿ ವಿಶ್ವವಿದ್ಯಾಲಯಕ್ಕೂ ಹೆಬ್ಬಾಳಕ್ಕೂ ತಲುಪುತ್ತಿದ್ದರೆ, ಮುಂದಿನ ಹೊರನಾಡಿನ ಅತಿಥಿ ಬಂದಾಗ ನಮಗೆ ಸಿಗುವ ಕಾಲಾವಕಾಶ ಹೆಚ್ಚುತ್ತದೆ. ಚಕ್ರಬಡ್ಡಿಯ ಲೆಕ್ಕದಲ್ಲಿ ಮೊದಲ ತಿಂಗಳಿಗಿರುವ ಬೆಲೆ ಹತ್ತನೆಯ ತಿಂಗಳಿಗಿಲ್ಲ.